ಅಂಚಿನಲ್ಲಿ ಬರೆದದ್ದು

ಗುರುವಾರ ಹನ್ನೊಂದು ಗಂಟೆಗೆ ಡಾಕ್ಟರ ಬಳಿ ಹೋಗಬೇಕೆಂದು ಅಕ್ಕ ಬರೆದುಕೊಟ್ಟಿದ್ದ ಚೀಟಿ ಅಂಟಿನ ಡಬ್ಬದ ಅಡಿಗೆ ಸಿಕ್ಕಿಕೊಂಡಿತ್ತು. ಡಬ್ಬ ಎತ್ತಿದಾಗಲೆಲ್ಲ ಅದೂ ತಳಕ್ಕೆ ಹತ್ತಿಕೊಂಡು ಮೇಲೇಳುವುದು. ಅವನು ಕಂಡೂ ಕಾಣದವನಂತೆ ಡಬ್ಬವನ್ನು ಮತ್ತೆ ಅಲ್ಲೇ ಇಡುವನು.

ಅವನು ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರ್. ಬೀದಿಯಿಂದ ಮೂರು ಮೆಟ್ಟಿಲು ಇಳಿದರೆ ಅಂಗಡಿ. ಒಳಗಿನ ಕಿರಿದಾದ ಮೆಟ್ಟಿಲು ಹತ್ತಿದರೆ ಅವನೊಬ್ಬನೇ ಇರುವ ಕೋಣೆ. ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು ಇರುತ್ತಿದ್ದುದರಿಂದ ಬೀದಿಯ ಮಕ್ಕಳು ಅವನನ್ನು ಅಂಟುಮಾಮ ಎಂದು ಕರೆಯುತ್ತಿದ್ದರು. ಆ ಸಿಪ್ಪೆಯನ್ನು ಮೆಲ್ಲಗೆ ಸುಲಿದು, ಹಾವು ಪೊರೆ ಬಿಟ್ಟಿತು ನೋಡಿ ಎಂದು ಅವರ ಅಂಗೈಗೆ ಹಾಕುವುದು ಅವನ ಹಳೆಯ ತಮಾಷೆ. ಈಚೆಗೆ ಮಕ್ಕಳು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಅವನು ತಲೆಯೆತ್ತದೆ ಇರುವುದನ್ನು ಕಂಡು, ಸದ್ದಿಲ್ಲದೆ ಹೋಗಿಬಿಡುತ್ತಿದ್ದರು.

ಅಕ್ಕ ಎರಡು ಬೀದಿ ಆಚೆ ಇದ್ದಳು. ಭಾನುವಾರ ಬಂತೆಂದರೆ ಊಟದ ಡಬ್ಬಿ ಹಿಡಿದು ಬರುವಳು. ಹೋದ ಭಾನುವಾರ ಬಂದವಳು, ಅದರ ಹಿಂದಿನ ವಾರದ ಡಬ್ಬಿ ಮುಚ್ಚಳ ತೆಗೆಯದೆ ಇಟ್ಟಲ್ಲೇ ಇರುವುದನ್ನು ನೋಡಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಅದನ್ನು ತಿಕ್ಕಿ ತೊಳೆದಳು. ತೊಳೆಯುವಷ್ಟು ಹೊತ್ತೂ ಮಾತಾಡಲಿಲ್ಲ. ಅಕ್ಕ ಮಾತಾಡದೆ ಇದ್ದದ್ದನ್ನು ಅವನು ಕಂಡದ್ದೇ ಕಡಿಮೆ.

"ನಿನ್ನ ಮುಖ ನೋಡಿದ್ರೆ ಕಾಯಿಸಿದ ಹಾಲೂ ಒಡೆದುಹೋಗುತ್ತೆ ಕಣೋ," ಎಂದಳು ಕೊನೆಗೆ. "ಏನಾಗಿದೆ ಅಂತ ಬಾಯಿಬಿಟ್ಟು ಹೇಳು."

"ಏನೂ ಆಗಿಲ್ಲ ಅಕ್ಕ."

ಅದು ಸುಳ್ಳಲ್ಲ. ಯಾರೂ ಸತ್ತಿರಲಿಲ್ಲ. ಯಾರ ಜೊತೆಗೂ ಜಗಳವಿರಲಿಲ್ಲ. ಕೆಲಸ ಬರುತ್ತಲೇ ಇತ್ತು. ಏಳೆಂಟು ತಿಂಗಳಿಂದ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಎದೆಯ ಮೇಲೆ ಯಾರೋ ಒದ್ದೆ ರಟ್ಟು ಹೇರಿದಂತೆ ಇರುತ್ತಿತ್ತು, ಅಷ್ಟೇ. ಕಾರಣ ಇದ್ದಿದ್ದರೆ ಹೇಳಿಕೊಳ್ಳಬಹುದಿತ್ತು. ಕಾರಣವೇ ಇಲ್ಲದ ದುಃಖವನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು ಎಂದು ಅವನು ಸುಮ್ಮನಿದ್ದ. ಅಕ್ಕ ಮಾತ್ರ ಸುಮ್ಮನಾಗಲಿಲ್ಲ. ತನ್ನ ಮಗಳ ಮೂಲಕ ಮೊದಲೇ ಯಾರನ್ನೋ ವಿಚಾರಿಸಿ, ಮನಸ್ಸಿನ ಕಾಯಿಲೆ ನೋಡುವ ಡಾಕ್ಟರ ಹೆಸರು, ದಿನ, ಹೊತ್ತು ಎಲ್ಲ ಬರೆದು ತಂದಿದ್ದಳು. ಬರದಿದ್ದರೆ ಕಿವಿ ಹಿಡಿದು ಎಳೆದುಕೊಂಡು ಹೋಗುತ್ತೇನೆ, ಐವತ್ತು ವರ್ಷದ ಕಿವಿ ಅಂತ ನೋಡುವುದಿಲ್ಲ ಎಂದು ಹೆದರಿಸಿ ಹೋದಳು. ಅವನು ಹೋಗುವುದಿಲ್ಲವೆಂದು ಆಗಲೇ ತೀರ್ಮಾನಿಸಿದ್ದ.

ಅವನ ಕೆಲಸಕ್ಕೆ ಒಂದು ರೀತಿಯಿತ್ತು. ಕಲಿಸಿದ ಮೇಷ್ಟ್ರು ಗಡಿಯಾರ ನೋಡುತ್ತಿರಲಿಲ್ಲ, ಪದ್ಯ ಹೇಳಿಕೊಳ್ಳುತ್ತಿದ್ದರು. ಪುಸ್ತಕದ ಬೆನ್ನಿಗೆ ಅಂಟು ಹಚ್ಚಿ ಹಲಗೆಗಳ ನಡುವೆ ಇಟ್ಟು ತಿರುಪು ಬಿಗಿದರೆ, ಪ್ರಾರ್ಥನೆಯ ಹನ್ನೆರಡು ಪದ್ಯ ಎರಡು ಸಲ. ಕತ್ತರಿಸುವ ಮಷಿನ್ನಿಗೆ ಇಡುವ ಮೊದಲು ಒಂದು ಸಾಲಿಗೆ ಒಂದು ಹಾಳೆಯಂತೆ ಪುಸ್ತಕವನ್ನೆಲ್ಲ ತಿರುವಿ ನೋಡಬೇಕು. ಕೈಗೆ ದೇವರು ಗೊತ್ತಿದ್ದರೆ ಕಣ್ಣು ತಪ್ಪುವುದಿಲ್ಲ ಎನ್ನುತ್ತಿದ್ದರು ಅವರು. ಇವನೂ ಮೂವತ್ತು ವರ್ಷ ಹಾಗೆಯೇ ಮಾಡಿದ. ತುಟಿ ಅಲುಗುತ್ತಿರಲಿಲ್ಲ, ಆದರೆ ಒಳಗೆ ಪದ್ಯ ಹರಿಯುತ್ತಲೇ ಇರುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ ಬೆಳಗಿನ ಹೊತ್ತು ಹೇಳುತ್ತಿದ್ದ ಅದೇ ಪದ್ಯಗಳು, ಅದೇ ಏರಿಳಿತ. ಅದು ಯಾವಾಗ ನಿಂತಿತೋ ಅವನಿಗೆ ತಿಳಿಯದು. ಗಂಟೆಗಟ್ಟಲೆ ಸುರಿದ ನಲ್ಲಿ ನಿಂತ ಮೇಲೆ ಸದ್ದಿಲ್ಲವೆಂದು ಎಷ್ಟೋ ಹೊತ್ತಿನ ನಂತರ ಗೊತ್ತಾಗುವಂತೆ, ಒಂದು ದಿನ ಗೊತ್ತಾಯಿತು.

ಕನ್ನಡಕದಂಗಡಿ ನಡೆಸುವ ಹೆಂಗಸು ತೀರಿಕೊಂಡ ತನ್ನ ತಾಯಿಯ ಪ್ರಾರ್ಥನೆಯ ಪುಸ್ತಕ ತಂದುಕೊಟ್ಟು ಹತ್ತು ದಿನವಾಗಿತ್ತು. ಹೊಲಿಗೆ ಬಿಟ್ಟಿದೆ, ಹೊಸದಾಗಿ ಹೊಲಿದು ರಟ್ಟು ಹಾಕಿಕೊಡಿ, ಬೇರೇನೂ ಮುಟ್ಟಬೇಡಿ ಎಂದು ಆಕೆ ಹೇಳಿದ್ದಳು. ಅವನು ಆಯಿತು ಎಂದಿದ್ದ. ಮಾತು ಕಿವಿಗೆ ಬಿದ್ದಿತ್ತೇ ಹೊರತು ತಲೆಗೆ ಹೋಗಿರಲಿಲ್ಲ.

ಸೋಮವಾರ ಶಾಲೆಯ ಹಾಜರಿ ಪುಸ್ತಕಗಳನ್ನು ಕತ್ತರಿಸಬೇಕಿತ್ತು. ಕೈರೂಢಿಯಲ್ಲೇ, ಪುಟ ನೋಡದೆ ಹೊಲಿದಿಟ್ಟ ಪ್ರಾರ್ಥನೆಯ ಪುಸ್ತಕ ಅದೇ ಮೇಜಿನ ಮೇಲಿತ್ತು. ಹಳೆಯ ಪುಸ್ತಕಕ್ಕೆ ಕತ್ತಿ ತೋರಿಸಬಾರದೆಂದು ಮೊದಲ ವಾರವೇ ಕಲಿಯುವ ಕೆಲಸ ಇದು. ಆದರೆ ಅವನ ಕೈ ಅದನ್ನೂ ಎತ್ತಿ, ಒಂದು ಹಾಳೆಯನ್ನೂ ತಿರುವದೆ, ಹಾಜರಿ ಪುಸ್ತಕಗಳ ಜೊತೆ ಮಷಿನ್ನಿಗೆ ಕೊಟ್ಟಿತು. ಕತ್ತಿ ಇಳಿಯಿತು. ಬಿದ್ದ ಕಾಗದದ ಪಟ್ಟಿಗಳನ್ನು ಗುಡಿಸಿ ಚೀಲಕ್ಕೆ ತುಂಬಿದ.

ಗೊತ್ತಾದದ್ದು ಮಂಗಳವಾರ ಮಧ್ಯಾಹ್ನ. ಮೊದಲೇ ಅಳತೆ ತೆಗೆದು ಕೊಯ್ದಿಟ್ಟಿದ್ದ ರಟ್ಟನ್ನು ಪುಸ್ತಕದ ಮೇಲಿಟ್ಟರೆ ಒಂದು ಬೆರಳಗಲ ದೊಡ್ಡದಾಗಿತ್ತು. ರಟ್ಟು ಬೆಳೆಯುವುದಿಲ್ಲ. ಅವನು ಪುಸ್ತಕ ತೆರೆದ. ಪ್ರತಿ ಪುಟದ ಹೊರ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ. ಪ್ರತಿ ಮಾತೂ ಅರ್ಧಕ್ಕೆ ತುಂಡಾಗಿತ್ತು.

ಬಾಗಿಲಿಗೆ ಚಿಲಕ ಹಾಕಿ ಚೀಲವನ್ನು ನೆಲಕ್ಕೆ ಸುರಿದ. ಮೊಣಕಾಲೂರಿ, ಬಿಳಿ ಪಟ್ಟಿಗಳ ರಾಶಿಯಿಂದ ಹಳದಿಗೆ ತಿರುಗಿದ್ದನ್ನು ಒಂದೊಂದಾಗಿ ಹೆಕ್ಕಿದ. ಯಾವ ಪಟ್ಟಿ ಯಾವ ಪುಟದ್ದೆಂದು ತಿಳಿಯಬೇಕಾದರೆ ಓದದೆ ವಿಧಿಯಿರಲಿಲ್ಲ. ಪುಟದಲ್ಲಿ ಉಳಿದ ಅರ್ಧವನ್ನೂ ಪಟ್ಟಿಯಲ್ಲಿದ್ದ ಅರ್ಧವನ್ನೂ ಕೂಡಿಸಿ ಓದುತ್ತ ಹೋದ.

ಇವತ್ತು ಓದಿದೆ, ಏನೂ ಕೇಳಿಸಲಿಲ್ಲ. ಇವತ್ತು ಒಂದೇ ಸಾಲು. ಒಗೆದ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಮಕ್ಕಳ ಮೇಲೆ ರೇಗಿದೆ, ಅವು ಏನೂ ಮಾಡಿರಲಿಲ್ಲ. ಎಲ್ಲರೂ ಉಂಡರು, ನಾನು ಗೋಡೆ ನೋಡಿದೆ. ಯಾರಿಗೂ ಗೊತ್ತಾಗಲಿಲ್ಲ.

ಆ ಕೊನೆಯ ಮಾತು ಮತ್ತೆ ಮತ್ತೆ ಬಂತು. ಹದಿನಾಲ್ಕು ಪುಟಗಳಲ್ಲಿ 'ಯಾರಿಗೂ' ಎಂದು ಉಳಿದಿತ್ತು. 'ಗೊತ್ತಾಗಲಿಲ್ಲ' ಎಂಬ ಪಟ್ಟಿಗಳು ಹನ್ನೊಂದು ಸಿಕ್ಕವು. ಯಾವುದು ಯಾವುದರದ್ದೆಂದು ಹೇಳಲು ಅವನಿಗೆ ಆಗಲಿಲ್ಲ. ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ಕುಳಿತ. ದಿನದ ಕೊನೆಗೆ ಬಾಗಿಲು ಹಾಕುವಾಗ ಅವನೂ ಅದೇ ಮಾತು ಅಂದುಕೊಳ್ಳುತ್ತಿದ್ದ. ಇವತ್ತೂ ಯಾರಿಗೂ ಗೊತ್ತಾಗಲಿಲ್ಲ. ಅದರಲ್ಲಿ ಒಂದು ಬಗೆಯ ಹೆಮ್ಮೆಯೂ ಇರುತ್ತಿತ್ತು. ಎಂದೋ ಸತ್ತುಹೋದ, ಮುಖವೇ ನೋಡಿರದ ಒಬ್ಬ ಹೆಂಗಸಿನ ಕೈಬರಹದಲ್ಲಿ ಅದನ್ನು ನೋಡಿದಾಗ ಅವನಿಗೆ ನಾಚಿಕೆಯಾಯಿತು, ತನ್ನನ್ನು ಯಾರೋ ಬಾಗಿಲ ಸಂದಿಯಿಂದ ಇಷ್ಟು ದಿನವೂ ನೋಡುತ್ತಿದ್ದಂತೆ.

ಬುಧವಾರ ಕನ್ನಡಕದಂಗಡಿಯಾಕೆ ಬಂದಳು. ಅರವತ್ತರ ಆಸುಪಾಸಿನ, ಮಿತ ಮಾತಿನ ಹೆಂಗಸು. ಮೆಟ್ಟಿಲಿಳಿಯುವ ಸದ್ದು ಕೇಳುವಾಗ ಅವನ ಬಳಿ ಒಂದು ಸುಳ್ಳು ತಯಾರಾಗಿತ್ತು. ಕಾಗದ ಹಳೆಯದು, ಅಂಚು ಪುಡಿಯಾಗಿ ಉದುರಿತು ಎಂದರೆ ಆಕೆ ನಂಬುತ್ತಿದ್ದಳು. ಹಳೆಯ ಕಾಗದ ಹಾಗೆ ಉದುರುವುದೂ ಉಂಟು.

ಆಕೆ ಪುಸ್ತಕ ತೆರೆದಳು. ಕೈ ಅಲ್ಲೇ ನಿಂತಿತು.

"ಕತ್ತರಿಸಿಬಿಟ್ಟೆ ಮೇಡಂ," ಎಂದ. "ಪಟ್ಟಿ ಎಲ್ಲ ಹುಡುಕಿ ಇಟ್ಟಿದ್ದೀನಿ. ಮೂರು ಸಿಗಲಿಲ್ಲ."

"ಬೇರೇನೂ ಮುಟ್ಟಬೇಡಿ ಅಂದಿದ್ದೆ."

"ಹೂಂ. ಅಂದಿದ್ರಿ."

"ನಿಮ್ಮ ಕೆಲಸ ಚೆನ್ನಾಗಿರುತ್ತೆ ಅಂತ ಎಲ್ಲರೂ ಹೇಳ್ತಾರೆ. ಅದಕ್ಕೇ ತಂದುಕೊಟ್ಟಿದ್ದು." ಆಕೆಯ ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಹೇಗಾಯ್ತು ಇದು?"

"ನೋಡಲೇ ಇಲ್ಲ ನಾನು. ನಂಗೆ ಹುಷಾರಿಲ್ಲ."

"ಜ್ವರವಾ?"

ಅವನು ಅಲ್ಲವೆಂದು ತಲೆಯಲ್ಲಾಡಿಸಿದ. ಪುಸ್ತಕದ ಕಡೆ ನೋಡಿದ. "ಇದರಲ್ಲಿ ಬರೆದಿದೆಯಲ್ಲ," ಎಂದ, "ಅದು."

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಆಕೆ ಸ್ಟೂಲು ಎಳೆದು ಕುಳಿತಳು. ಕೈಚೀಲದಿಂದ ತನ್ನ ಕಸುಬಿನ ಪುಟ್ಟ ಭೂತಗನ್ನಡಿ ತೆಗೆದು, ಪಟ್ಟಿಗಳನ್ನು ಒಂದೊಂದಾಗಿ ನೋಡತೊಡಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವನಿಗೆ ಹೇಳಿದಳೋ ಪಟ್ಟಿಗಳಿಗೆ ಹೇಳಿದಳೋ ತಿಳಿಯದಂತೆ ಹೇಳಿದಳು. ತಾವು ಮೂವರು ಮಕ್ಕಳು. ಅಮ್ಮನಿಗೆ ತಮ್ಮನ್ನು ಕಂಡರೆ ಆಗುವುದಿಲ್ಲವೆಂದೇ ಮೂವರೂ ನಂಬಿ ಬೆಳೆದರಂತೆ. ಅಣ್ಣನಂತೂ ಅದೇ ಕೋಪದಲ್ಲಿ ದೂರವಾಗಿ ಹೋದವನು ಅಮ್ಮನ ಮಣ್ಣಿಗೂ ಬರಲಿಲ್ಲವಂತೆ. ಈ ಅಂಚು ಓದಿದ್ದು ಅಮ್ಮ ಹೋಗಿ ಎರಡು ವರ್ಷವಾದ ಮೇಲೆ.

"ನಮಗೆ ಹೇಳಬಹುದಿತ್ತು," ಎಂದಳು. "ನಾನು ಪಕ್ಕದ ಕೋಣೇಲೇ ಇರ್ತಿದ್ದೆ. ಹೋಗಿ ಪುಸ್ತಕದ ಅಂಚಿಗೆ ಹೇಳಿದ್ಲು."

ಅವನು ಹನ್ನೊಂದು ಪಟ್ಟಿಗಳನ್ನು ಆಕೆಯ ಮುಂದೆ ಸರಿಸಿದ. ಇವು ಮಾತ್ರ ಯಾವ ಪುಟದ್ದೆಂದು ಗೊತ್ತಾಗುತ್ತಿಲ್ಲ, ಎಲ್ಲದರಲ್ಲೂ ಒಂದೇ ಮಾತಿದೆ ಎಂದ. ಆಕೆ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡಳು.

"ಯಾವುದನ್ನ ಯಾವುದಕ್ಕೆ ಹಚ್ಚಿದ್ರೂ ಅದೇ ತಾನೇ. ಹಚ್ಚಿ." ಮೆಟ್ಟಿಲ ಬಳಿ ನಿಂತು ಹಿಂತಿರುಗಿದಳು. "ಮನೇಲಿ ಯಾರಿದ್ದಾರೆ ನಿಮಗೆ?"

"ಅಕ್ಕ ಇದ್ದಾಳೆ. ಎರಡು ಬೀದಿ ಆಚೆ."

"ಅವರಿಗೆ ಗೊತ್ತಾ?"

ಅವನು ಪಟ್ಟಿಗಳನ್ನು ಒಟ್ಟುಮಾಡತೊಡಗಿದ. ಆಕೆ ಉತ್ತರಕ್ಕೆ ಕಾಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ.

ಆಕೆ ಹೋದ ಮೇಲೆ ಅವನು ಅಂಟಿನ ಡಬ್ಬವನ್ನು ಎತ್ತಿದ. ತಳಕ್ಕೆ ಹತ್ತಿದ ಚೀಟಿಯನ್ನು ಉಗುರಿನಿಂದ ಬಿಡಿಸಲು ನೋಡಿದ, ಬರಲಿಲ್ಲ. ಬಟ್ಟೆ ಒದ್ದೆ ಮಾಡಿ ಅದರ ಮೇಲಿಟ್ಟು, ಅಂಟು ನೆನೆಯುವವರೆಗೆ ಕಾದ. ಹಾಳಾಗದಂತೆ ಕಾಗದ ಬಿಡಿಸುವುದು ಅವನಿಗೆ ಗೊತ್ತಿದ್ದ ಕೆಲಸ. ಒಂದು ಮೂಲೆ ಹರಿಯಿತು, ಹನ್ನೊಂದು ಗಂಟೆ ಎಂಬುದು ಉಳಿಯಿತು.

ಗುರುವಾರ ಅಕ್ಕ ಕಿವಿ ಹಿಡಿಯಲು ತಯಾರಾಗಿಯೇ ಬಂದಿದ್ದಳು. ಅವನು ಅಂಗಿ ಬದಲಿಸಿ, ಮೆಟ್ಟಿಲ ಮೇಲೆ ಬೀಗ ಹಿಡಿದು ಕುಳಿತಿರುವುದನ್ನು ಕಂಡ ಮೇಲೆ, ಬೈಯಲು ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ವ್ಯರ್ಥವಾಯಿತು. "ಮುಖ ತೊಳೆದಿದ್ದೀಯಾ?" ಎಂದಷ್ಟೇ ಕೇಳಿದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅಕ್ಕ ಹೊರಗೆ ಬೆಂಚಿನ ಮೇಲೆ ಉಳಿದಳು, ಅವನು ಒಳಗೆ ಹೋದ. ಯಾವಾಗಿನಿಂದ ಹೀಗಿದೆ, ನಿದ್ದೆ ಹೇಗೆ, ಊಟ ಹೇಗೆ, ಬದುಕಿರುವುದೇ ಬೇಡ ಎನ್ನಿಸಿದೆಯೇ ಎಂದು ಆಕೆ ಒಂದೊಂದಾಗಿ, ಮಳೆ ಬಂತಾ ಎಂದು ಕೇಳುವಷ್ಟು ಸಾದಾ ದನಿಯಲ್ಲಿ ಕೇಳಿದರು. ಮೇಜಿನ ಅಂಚಿನ ಪಟ್ಟಿ ಅಂಟು ಬಿಟ್ಟು ಮೇಲೆದ್ದಿತ್ತು. ಅವನ ಹೆಬ್ಬೆರಳು ತಾನಾಗಿ ಹೋಗಿ ಅದನ್ನು ಒತ್ತಿ ಹಿಡಿಯಿತು.

"ಏನೂ—" ಎಂದು ಶುರುಮಾಡಿದ. ಮುಂದಿನ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಆಡಲಿಲ್ಲ. ಬದಲಿಗೆ ಕೇಳಿದ, "ಅಕ್ಕನ್ನ ಒಳಗೆ ಕರೀಬಹುದಾ? ಅವಳಿಗೂ ಒಟ್ಟಿಗೇ ಹೇಳಿಬಿಡ್ತೀನಿ. ಎರಡು ಸಲ ಹೇಳೋಕೆ ಆಗಲ್ಲ."

ಅಕ್ಕ ಕೈಚೀಲವನ್ನು ಎದೆಗವಚಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು. ಅವನು ಮೇಜಿನ ಅಂಚನ್ನು ನೋಡುತ್ತ ಹೇಳಿದ. ಒದ್ದೆ ರಟ್ಟಿನ ವಿಷಯ ಹೇಳಿದ. ಪದ್ಯ ನಿಂತುಹೋದದ್ದು ಹೇಳಿದ. ಡಾಕ್ಟರ ಕೊನೆಯ ಪ್ರಶ್ನೆಗೆ ಹೌದು, ಎರಡು ಸಲ ಎಂದ. ಆಗ ಅಕ್ಕನ ಕಡೆ ನೋಡಲಿಲ್ಲ. ಅಕ್ಕನ ಚೀಲದ ಕೊಂಡಿ ಮಾತ್ರ ಕಟಕಟ ಸದ್ದು ಮಾಡುತ್ತಿತ್ತು. ಆ ಎರಡು ಸಲದ ಬಗ್ಗೆ ಡಾಕ್ಟರು ಬಹಳ ಹೊತ್ತು ಕೇಳಿದರು. ಮಾತ್ರೆ ಬರೆದುಕೊಟ್ಟು, ಇದು ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ಬಿಡಬೇಡಿ, ಪ್ರತಿ ಗುರುವಾರ ಬನ್ನಿ, ಆ ಯೋಚನೆ ಮತ್ತೆ ಬಂದರೆ ಗುರುವಾರಕ್ಕೆ ಕಾಯದೆ ಆ ಕ್ಷಣವೇ ಅಕ್ಕನಿಗೋ ನನಗೋ ಫೋನ್ ಮಾಡಿ ಎಂದರು. ಸದ್ಯಕ್ಕೆ ಒಬ್ಬರೇ ಮಲಗಬೇಡಿ ಎಂದೂ ಹೇಳಿದರು. ಅಕ್ಕ ಅಂದು ಸಂಜೆಯೇ ಅವನ ಹಾಸಿಗೆಯನ್ನು ತನ್ನ ಮನೆಯ ಹಜಾರಕ್ಕೆ ತಂದು ಹಾಸಿದಳು.

ವಾರದ ಉಳಿದ ದಿನಗಳಲ್ಲಿ ಹಗಲು ಅವನು ಅಂಗಡಿಯಲ್ಲಿ ಪಟ್ಟಿಗಳನ್ನು ಹಿಂದೆ ತೆಳು ಕಾಗದ ಕೊಟ್ಟು ಪುಟಗಳಿಗೆ ಹಚ್ಚಿದ. ಬೀದಿಯ ಸದ್ದು ಇನ್ನೂ ಎಲ್ಲೋ ದೂರದಿಂದ ಬರುವಂತಿತ್ತು. ಹಲಗೆ ಬಿಗಿದು ಪದ್ಯ ನೆನಪಿಸಿಕೊಳ್ಳಲು ನೋಡಿದ. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಗಡಿಯಾರ ನೋಡಿಕೊಂಡು ಕುಳಿತ. ಮೂರು ಪುಟಗಳಲ್ಲಿ 'ಯಾರಿಗೂ' ಎಂಬುದರ ಮುಂದೆ ಖಾಲಿ ಕಾಗದವನ್ನೇ ಸೇರಿಸಿದ.

ಭಾನುವಾರ ಅಕ್ಕ ಎಂದಿನಂತೆ ಡಬ್ಬಿ ಹಿಡಿದು ಮೆಟ್ಟಿಲಿಳಿದಳು. ಬೆಳಿಗ್ಗೆ ಒಂದೇ ಮನೆಯಲ್ಲಿ ಎದ್ದಿದ್ದರೂ, ಹೊಸದಾಗಿ ಕಂಡವಳಂತೆ ಹೇಗಿದ್ದೀಯೋ ಎಂದು ಕೇಳಿದಳು.

ಅವನು ಕೈಯಲ್ಲಿದ್ದ ಕುಂಚವನ್ನು ಕೆಳಗಿಟ್ಟ.

"ಇವತ್ತು ಚೆನ್ನಾಗಿಲ್ಲ ಅಕ್ಕ."

"ಸರಿ," ಎಂದಳು ಅಕ್ಕ. "ಆ ಸ್ಟೂಲು ಈ ಕಡೆ ತಳ್ಳು."