ತೊಂಬತ್ತೊಂಬತ್ತು ಕುರಿ ಯಾರ ಕೈಯಾಗ

ಸೊಂಟದ ಉಡದಾರವನ್ನು ಧೂಳಪ್ಪ ಕುಡುಗೋಲಿನಿಂದ ಕೊಯ್ದ. ಮೂರು ಸಲ ಎಳೆದ ಮೇಲೆ ಅದು ಹರಿಯಿತು. ಅಂಗಳದ ಹಲಗೆಯ ಮೇಲೆ ಕೂರಿಸಿದ್ದ ತಮ್ಮ ಲಗಮಣ್ಣನ ಹೆಣಕ್ಕೆ ಆಗಲೇ ಎರಡು ಕೊಡ ನೀರು ಬಿದ್ದಿತ್ತು. ದಾರವನ್ನು ಮೂಲೆಗೆ ಎಸೆದು ಧೂಳಪ್ಪ ಒಳಮನೆಯ ಕಡೆ ನೋಡಿದ.

"ಆ ಪುಸ್ತಕ ಎಲ್ಲೈತಿ, ತರ್ರಿ. ಕುಣ್ಯಾಗ ಹಾಕಿಬಿಡೂನು. ಅದರ ಪೀಡಾ ಅಂವನ ಸಂಗಾಟ ಹೋಗ್ಲಿ."

ಪುಸ್ತಕವೆಂದರೆ ಬೈಬಲ್ಲು. ವಳಸಂಗದ ಸುತ್ತ ಕುರಿ ಕಾಯುವ ಮನೆಗಳಲ್ಲಿ ಇನ್ನೊಂದು ಇರಲಿಲ್ಲ. ಲಗಮಣ್ಣ ಅದನ್ನು ಹನ್ನೊಂದು ವರ್ಷ ಒಬ್ಬನೇ ಕೂತು ಓದಿದ್ದ. ಇಗರ್ಜಿಯ ಹೊಸ್ತಿಲು ತುಳಿದವನಲ್ಲ, ಬೀರಪ್ಪನ ಗುಡಿಯ ಭಂಡಾರ ಹಣೆಗೆ ಹಚ್ಚುವುದನ್ನು ಬಿಟ್ಟವನೂ ಅಲ್ಲ. ಹಾಗಾಗಿ ಅವನನ್ನು ಏನೆಂದು ಬೈಯಬೇಕೋ ಊರಿಗೆ ತಿಳಿದಿರಲಿಲ್ಲ.

ಹೆಂಡತಿ ಬೀರವ್ವ ಎದ್ದು ಹೋಗಿ, ಜಂತಿಯ ಸಂದಿಯಿಂದ ಕಂಬಳಿ ತುಂಡು ಸುತ್ತಿದ ಗಂಟನ್ನು ಇಳಿಸಿದಳು. ಅದನ್ನು ಅವಳು ಮುಟ್ಟಿದ್ದು ಇವತ್ತೇ ಮೊದಲು.

"ಇಲ್ಲಿ ಕೊಡವಾ," ಎಂದ ಧೂಳಪ್ಪ.

"ತಡೀರಿ ಭಾವಾರ. ಹನ್ನೊಂದ ವರ್ಷ ಇದರಾಗ ತಲಿ ಹುಗದು ಕುಂತಿದ್ದ. ಮಗಳ ಸಲುವಾಗಿ ಒಂದ ಹನಿ ಕಣ್ಣೀರ ಹಾಕಲಿಲ್ಲ ಈ ಮನಷ್ಯಾ. ನನ್ನ ಹಾಲವ್ವ ಇದರಾಗ ಎಲ್ಲೆರ ಅದಾಳೋ ಇಲ್ಲೋ, ಅಷ್ಟು ತಿಳೀಬೇಕು ನನಗ. ತಿಳಿಯೂತನಕ ಹೆಣಾ ಎತ್ತಗೊಡೂದಿಲ್ಲ."

ಕೂತಿದ್ದ ಹೆಂಗಸರು ಅಳು ನಿಲ್ಲಿಸಿದರು. ಹನ್ನೆರಡು ವರ್ಷದಲ್ಲಿ ಆ ಹೆಸರು ಈ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಊರ ಸಾಲೆ ಮರಾಠಿಯದು, ಕನ್ನಡ ಪುಸ್ತಕ ಓದಬಲ್ಲವರು ಉಣ್ಣೆ ವ್ಯಾಪಾರದ ಶ್ರೀಶೈಲಪ್ಪ ಸಾವಕಾರರೊಬ್ಬರೇ. ಧೂಳಪ್ಪ ಗೊಣಗುತ್ತಲೇ ಮಗ ಅಮಸಿದ್ದನನ್ನು ಅವರ ಮನೆಗೆ ಕಳಿಸಿದ.

*

ಹನ್ನೆರಡು ವರ್ಷದ ಹಿಂದೆ, ಅರವತ್ಮೂರನೆಯ ಇಸವಿ. ಕರಜಗಿಯ ಹಳ್ಳದ ದಂಡೆಯಲ್ಲಿ ನಡುಮಧ್ಯಾಹ್ನವೇ ಆಲಿಕಲ್ಲು ಮಳೆ ಹೊಡೆಯಿತು. ಬೀರವ್ವ ಹಿಟ್ಟು ತರಲು ಊರೊಳಗೆ ಹೋಗಿದ್ದಳು. ಆರು ವರ್ಷದ ಹಾಲವ್ವ ಕುಂಟು ಮರಿಯೊಂದರ ಬೆನ್ನು ಹತ್ತಿ ಹಿಂದೆ ಉಳಿದಿದ್ದಳು. ಲಗಮಣ್ಣ ನೂರು ಕುರಿಗಳನ್ನು ಒಡ್ಡಿನ ಮಗ್ಗುಲಿಗೆ ಒತ್ತಿ ಹಿಡಿದು ನಿಂತಿದ್ದ. ಅರ್ಧ ಅವನವು, ಅರ್ಧ ಊರವರವು.

ನೀರು ಇಳಿದ ಮೇಲೆ ಹುಡುಗಿ ಹಳ್ಳದ ತಿರುವಿನಲ್ಲಿ ಸಿಕ್ಕಳು. ಕುಂಟು ಮರಿ ಆಗಲೇ ತಾನಾಗಿ ಬಂದು ಮಂದೆ ಸೇರಿತ್ತು. ಮಣ್ಣು ಕೊಡಲು ಬಂದ ಊರವರು ಲಗಮಣ್ಣನ ಬೆನ್ನು ತಟ್ಟಿ, "ಅಂಥಾ ಮಳ್ಯಾಗ ಒಂದ ಕುರಿ ಕಳೀಲಿಲ್ಲ ನೋಡು," ಎಂದರು.

ಮೂರನೆಯ ದಿನ ಬೀರವ್ವ ಕೇಳಿದಳು. "ಆಕಿ ಒದರಿದ್ದು ಕೇಳಲಿಲ್ಲೇನು ನಿನಗ?"

"ಕೇಳ್ತು. ಎರಡ ಸಲ ಅಪ್ಪಾ ಅಂದ್ಳು. ಕುರಿ ಯಾರ ಕೈಯಾಗ ಬಿಟ್ಟು ಬರ್ಲಿ?"

ಆಮೇಲೆ ಅವರಿಬ್ಬರೂ ಅದರ ಮಾತೆತ್ತಲಿಲ್ಲ. ಆದರೆ ಸಂಜೆ ದಡ್ಡಿಗೆ ಕುರಿ ತುಂಬುವಾಗ ಲಗಮಣ್ಣ ನೂರೂ ಎಣಿಸಿ ಮುಗಿಸಿದರೂ ಮುಳ್ಳಿನ ಬಾಗಿಲು ಹಾಕುತ್ತಿರಲಿಲ್ಲ. ದಾರಿ ನೋಡುತ್ತ ನಿಂತುಬಿಡುತ್ತಿದ್ದ. "ಇನ್ನ ಯಾರ ಬರಬೇಕಾಗೈತಿ, ಹಾಕು," ಎಂದು ಬೀರವ್ವ ಒಳಗಿನಿಂದ ಒದರಿದ ಮೇಲೆಯೇ ಹಾಕುತ್ತಿದ್ದ.

*

ಶ್ರೀಶೈಲಪ್ಪ ಬಂದು, ಹೆಣಕ್ಕೆ ಕೈಮುಗಿದು, ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿದರು. ರಟ್ಟಿನ ಮೇಲೆ ಕುರಿಯನ್ನು ಹೆಗಲಿಗೆ ಹೊತ್ತವನ ಚಿತ್ರ ಮಾಸಿಹೋಗಿತ್ತು.

"ಜತ್ತದ ಸಂತ್ಯಾಗ ಕುರಿ ಔಷಧದ ಪುಸ್ತಕ ಅಂತ ತಗೊಂಡಿದ್ದ ಇದನ್ನ," ಎಂದರು. "ನನ್ನ ಮುಂದ ತಂದಿಟ್ಟು, 'ಕಾಲಬ್ಯಾನಿಗಿ ಏನ್ ಬರದಾರ ಓದ್ರಿ ಸಾವಕಾರ್ರ' ಅಂದ. ನಾ ಹೊಟ್ಟಿ ಹಿಡಕೊಂಡು ನಕ್ಕೆ. ಅಂವ ನಗಲಿಲ್ಲ. ಹಂಗಾರ ಅಕ್ಷರರೆ ಕಲಸ್ರಿ ಅಂತ ಬೆನ್ನ ಹತ್ತಿದ."

"ಮಂದಿ ಕಾಯಾಕತ್ತೈತ್ರಿ," ಎಂದ ಧೂಳಪ್ಪ.

"ಇರೋ ಮಾರಾಯಾ. ಮುಂದಿನ ಸಂತ್ಯಾಗ ಆ ಪುಸ್ತಕ ಮಾರಾಂವ ಹೇಳಿದ್ನಂತ ಇಂವಗ. ಕಲಸಾವ್ರು ಇಲ್ಲಂದ್ರ ಅವಸರ ಮಾಡಬ್ಯಾಡ, ದಿನಕ್ಕೊಂದ ಮಾತು ಓದು. ಯಾರು ಅಂದ್ರು, ಯಾರಿಗಿ ಅಂದ್ರು, ಅದರ ಹಿಂದ ಏನೈತಿ, ಮುಂದ ಏನೈತಿ ನೋಡು. ತಿಳೀಲಿಲ್ಲಂದ್ರ ತಿಳದಾಂವನಂಗ ಮಾಡಬ್ಯಾಡ. ಲಗಮಣ್ಣ ಒಂದೊಂದ ಮಾತು ಹೊತಗೊಂಡು ದಿನಾ ಕುರಿ ಹಿಂದ ತಿರಗಾಂವ. ತಿಳೀದಲ್ಲಿ ಕರಿ ಎಳಿ ಇಡಾಂವ. ತಿಳೀತಂದ್ರ ಅದನ್ನ ತಗದು ಬಿಳಿ ಉಣ್ಣಿ ಎಳಿ."

ಅವರು ಪುಟ ತಿರುವಿದರು. ಎಲ್ಲೆಲ್ಲೂ ಬಿಳಿ ಎಳೆಗಳು. ಮುಕ್ಕಾಲು ಪುಸ್ತಕ ದಾಟಿದ ಮೇಲೆ ಒಂದೇ ಒಂದು ಕರಿದು.

"ಏನೈತ್ರಿ ಅಲ್ಲಿ?" ಬೀರವ್ವ ಹತ್ತಿರ ಸರಿದಳು.

"ಒಬ್ಬಾಂವಗ ನೂರು ಕುರಿ ಇದ್ದೂವು. ಒಂದು ಕಳೀತು. ತೊಂಬತ್ತೊಂಬತ್ತು ಬಯಲಾಗ ಬಿಟ್ಟು ಅದನ್ನ ಹುಡಕ್ಕೋತ ಹೋದ. ಸಿಕ್ಕಿತು. ಹೆಗಲ ಮ್ಯಾಲ ಹೊತ್ತು ತಂದ."

"ಬಯಲಾಗ ಬಿಟ್ಟು ಹೋದ್ನ?" ಧೂಳಪ್ಪ ತಡೆಯಲಾರದೆ ಅಂದ. "ತ್ವಾಳ ಬಿಡ್ತಾವೇನ್ರಿ? ಯಾರ ಕೈಯಾಗ ಬಿಟ್ಟು ಹೋದ?"

"ಇದನ್ನ ನಿನ್ನ ತಮ್ಮನೂ ಕೇಳಾಂವ. ಇದ ಕತಿ ಇನ್ನೊಂದ ಕಡಿ ಬರದಾರ, ಅದನ್ನೂ ಬಾಜೂಕ ಇಟ್ಟು ನೋಡ್ದ. ಎಲ್ಲೂ ಬರದಿಲ್ಲ. ಹೋದ ಹುಣ್ಣಿವಿ ದಿನ ಬಂದು ಅಂದ, 'ಸಾವಕಾರ್ರ, ಯಾರ ಕೈಯಾಗೂ ಬಿಟ್ಟಿಲ್ರಿ ಅಂವ. ಸುಮ್ನ ಬಿಟ್ಟು ಓಡ್ಯಾನ.' ತಿಳೀತಲ್ಲ, ಬಿಳಿ ಎಳಿ ಇಡು ಅಂದೆ. 'ತಿಳೀತ್ರಿ. ಕೈ ಬರವಲ್ದು,' ಅಂದ."

ಧೂಳಪ್ಪ ತಲೆ ತಗ್ಗಿಸಿದ.

ಬೀರವ್ವ ಬಾಗಿ ಆ ಕರಿ ಎಳೆಯನ್ನು ಬೆರಳಲ್ಲಿ ಹಿಡಿದಳು. ಉಣ್ಣೆಯಾಗಿರಲಿಲ್ಲ. ನೂಲಿನ ದಾರ. ಬೆರಳಿಗೆ ಒಂದು ಗಂಟು ಸಿಕ್ಕಿತು, ಆಮೇಲೆ ಇನ್ನೊಂದು. ಮಗಳ ಸೊಂಟ ಬೆಳೆದಂತೆಲ್ಲ ಪ್ರತಿ ಪಂಚಮಿಗೆ ಅವಳೇ ಒಂದು ತುಂಡು ಸೇರಿಸಿ ಉಡದಾರ ಉದ್ದ ಮಾಡುತ್ತಿದ್ದಳು. ಗಂಟು ಆರಿದ್ದವು. ತುದಿ ಕುಡುಗೋಲಿನಿಂದ ಕೊಯ್ದದ್ದು. ಅವತ್ತು ಕುಣಿಯ ದಂಡೆಯಲ್ಲಿ ಅದನ್ನು ಕೊಯ್ದವನು ಲಗಮಣ್ಣನೇ.

"ಅಯ್ಯ ನನ್ನವ್ವಾ," ಎಂದಳು. "ಇಲ್ಲೇ ಇಟಗೊಂಡಾನಲ್ಲೋ ನನ್ನ ಕೂಸಿನ್ನ."

ಬೆಳಗಿನಿಂದ ಬಾರದ ಅಳು ಈಗ ಬಂತು. ಗಂಡನಿಗಾಗಿಯೋ ಮಗಳಿಗಾಗಿಯೋ ತನಗೇ ತಿಳಿಯದಂತೆ ಅತ್ತಳು. ಆಮೇಲೆ ಅಂಗಳದ ಮೂಲೆಗೆ ಹೋಗಿ, ಧೂಳಪ್ಪ ಎಸೆದಿದ್ದ ಒದ್ದೆ ಉಡದಾರವನ್ನು ಎತ್ತಿ ಸೆರಗಿನಿಂದ ಒರೆಸಿ, ಅದೇ ಪುಟದಲ್ಲಿ ಮಗಳ ದಾರದ ಮಗ್ಗುಲಿಗಿಟ್ಟು ಪುಸ್ತಕ ಮುಚ್ಚಿದಳು.

"ಎತ್ತರಿ ಇನ್ನ. ಪುಸ್ತಕ ಕುಣಿಗಿ ಬರೂದಿಲ್ಲ."

ಧೂಳಪ್ಪ ಹೆಗಲು ಕೊಟ್ಟ.

*

ಮಣ್ಣು ಕೊಟ್ಟು ಬಂದವರು ಮಿಂದು ಹೋದರು. ಹೊತ್ತು ಮುಳುಗುವಾಗ ಅಮಸಿದ್ದ ಕುರಿಗಳನ್ನು ದಡ್ಡಿಗೆ ಹೊಡೆದು ತಂದ. ಎಣಿಸಿದ. ನೂರೂ ಇದ್ದವು. ಮುಳ್ಳಿನ ಬಾಗಿಲಿಗೆ ಕೈ ಹಾಕಿದ.

"ಹಾಕಬ್ಯಾಡ," ಎಂದಳು ಬೀರವ್ವ, ಹಿಂದೆ ಬಂದು ನಿಂತು.

"ಎಲ್ಲಾ ಬಂದಾವಲ್ಲ ಚಿಗವ್ವ. ಇನ್ನ ಯಾರು ಬರಬೇಕು?"

ಅವಳು ಬಾಗಿಲನ್ನು ಅವನ ಕೈಯಿಂದ ಬಿಡಿಸಿಕೊಂಡು ಪಕ್ಕಕ್ಕೆ ಸರಿಸಿ ಹಿಡಿದಳು. ಕರಜಗಿಯ ದಾರಿಯ ಕಡೆ ಮುಖ ಮಾಡಿ, ಹೊಲದಿಂದ ಮಕ್ಕಳನ್ನು ಊಟಕ್ಕೆ ಕರೆಯುವ ದನಿಯಲ್ಲಿ, "ಹಾಲವ್ವಾ," ಎಂದು ಎರಡು ಸಲ ಕೂಗಿದಳು. ಒಳಗೆ ಮಲಗಿದ್ದ ಕುರಿಗಳು ಒಂದೊಂದಾಗಿ ಎದ್ದು, ತೆರೆದ ಬಾಗಿಲಿನ ಕಡೆ ತಲೆ ಎತ್ತಿ ನಿಂತವು.