ನಾಲ್ಕನೆಯ ಬಂದೂಕು

ಅರ್ಧ ಸಾಕು ಅತ್ತಿಗೆ, ಅರ್ಧ ಲೋಟ, ನನ್ನ ಕೈ ನಿಮಗೆ ಗೊತ್ತಲ್ಲ — ಹಜಾರದಿಂದ ತಮ್ಮನ ದನಿ, ಅದರ ಹಿಂದೆಯೇ ಲೋಟಕ್ಕೆ ಟೀ ಬೀಳುವ ಸದ್ದು, ಬಿದ್ದು ಅರ್ಧಕ್ಕೇ ನಿಲ್ಲುವ ಸದ್ದು, ಇಪ್ಪತ್ತೆರಡು ವರ್ಷದಿಂದ ಕೇಳಿ ಕೇಳಿ ಇಷ್ಟು ಹೊತ್ತಿಗೆ ಕಿವಿ ಜಡ್ಡುಗಟ್ಟಬೇಕಿತ್ತು, ಗಟ್ಟಲಿಲ್ಲ, ತುಂಬಿದ ಲೋಟ ಎಲ್ಲಿ ತುಳುಕುತ್ತದೋ ಎಂದು ಹೆದರುವ ಐವತ್ತು ದಾಟಿದ ಗಂಡಸು ಅಲ್ಲಿ ಕೂತಿದ್ದಾನೆ, ಒಳಕೋಣೆಯಲ್ಲಿ ಕಬ್ಬಿಣದ ಕಪಾಟಿನ ಮುಂದೆ ಬೀಗದ ಕೈ ಹಿಡಿದು ಇವನು ನಿಂತಿದ್ದಾನೆ, ಅವನ ಅಣ್ಣ, ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಲೋಹ ಹೆರೆಯುವ ಲೇತ್ ಓಡಿಸಿ ನಿವೃತ್ತನಾದವನು, ಕೂದಲೆಳೆಯಷ್ಟು ಹೆಚ್ಚುಕಡಿಮೆಯನ್ನೂ ಕಣ್ಣಲ್ಲೇ ಹಿಡಿಯುತ್ತಾನೆಂದು ಅಲ್ಲಿನವರು ಮೈಕ್ರಾನ್ ಎಂದು ಹೆಸರಿಟ್ಟಿದ್ದರು, ಹೆಸರಿಗೇನು ಬಿಡು, ಯಾರಿಗೆ ಬೇಕಾದರೂ ಇಡಬಹುದು — ಕೀಲಿ ತಿರುಗಿತು, ಬಾಗಿಲು ಕಿರುಗುಟ್ಟಿತು, ಎಣ್ಣೆಯ ವಾಸನೆ, ಒಳಗೆ ನಾಲ್ಕು ಬಂದೂಕುಗಳು ಶಾಲೆಗೆ ತಡವಾಗಿ ಬಂದವರ ಹಾಗೆ ಸಾಲಾಗಿ ಗೋಡೆಗೊರಗಿ ನಿಂತಿವೆ, ಅಪ್ಪನ ಜೋಡಿ ನಳಿಗೆಯದು, ವಾರವಾರ ಶೂಟಿಂಗ್ ಕ್ಲಬ್ಬಿಗೆ ಹೋಗಿಬರುವ ರೈಫಲ್ಲು, ಆಸೆಪಟ್ಟು ಹರಾಜಿನಲ್ಲಿ ಕೊಂಡ ಹಳೇ ಸೈನ್ಯದ್ದು, ಮೂಲೆಯಲ್ಲಿ ನಾಲ್ಕನೆಯದು, ತಮ್ಮನದಾಗಿದ್ದದ್ದು, ತಿಂಗಳಿಗೊಮ್ಮೆ ಎಣ್ಣೆ ಕಾಣುತ್ತದೆ, ಗುಂಡು ಕಾಣುವುದಿಲ್ಲ. ಹೊಸ ನಿಯಮ ಬಂದಿದೆ, ಒಬ್ಬರ ಲೈಸೆನ್ಸಿಗೆ ಮೂರೇ, ಮಿಕ್ಕಿದ್ದನ್ನು ತಿಂಗಳ ಕೊನೆಯೊಳಗೆ ಲೈಸೆನ್ಸ್ ಇದ್ದವರಿಗೆ ಕೊಡಬೇಕು, ಮಾರಬೇಕು, ಇಲ್ಲವೇ ಠಾಣೆಗೆ ಒಪ್ಪಿಸಬೇಕು, ಇವತ್ತು ಇಪ್ಪತ್ತಾರು. ಇದರಲ್ಲಿ ಯೋಚಿಸೋದೇನಿದೆ ರೀ, ಮುಟ್ಟದೇ ಇರೋದನ್ನ ತಾನೇ ಕೊಡೋದು, ನಿಮ್ಮ ತಮ್ಮಂದೇ ಅಲ್ವಾ ಅದು, ಅವರ ಮಗಳಿಗೆ ಬೇಕು ಅಂತ ಬಾಯ್ಬಿಟ್ಟು ಕೇಳ್ತಿದಾರೆ ಎಂದಿದ್ದಳು ಹೆಂಡತಿ ಬೆಳಿಗ್ಗೆ, ಅವಳಿಗೇನು ಗೊತ್ತು, ಅವಳಿಗೆ ಇದೊಂದು ಸಾಮಾನು, ದೂಳು ಕೂರುವ ಸಾಮಾನು, ಅವಳು ಎಂದೂ ಇದರ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದವಳಲ್ಲ.

ಇವನು ಹಿಡಿದ, ಕಿಟಕಿಯ ಬೆಳಕಿಗೆ, ಇದೆ, ಎಲ್ಲಿಗೆ ಹೋಗುತ್ತದೆ, ನಳಿಗೆಯ ಬಾಯಿಯ ಒಳ ಅಂಚಿನಲ್ಲಿ ಉಗುರು ಒತ್ತಿದಷ್ಟು ಗೀರು, ಇಪ್ಪತ್ತೆರಡು ವರ್ಷವಾದರೂ ನಿನ್ನೆ ಬಿದ್ದ ಹಾಗೆ ಬೆಳ್ಳಗೆ, ಎಣ್ಣೆ ಹಚ್ಚಿ ಹಚ್ಚಿ ತುಕ್ಕು ಕೂಡ ಹಿಡಿಯಗೊಡದೆ ಅದನ್ನು ಸಾಕಿದ್ದಾನಲ್ಲ. ಹಿಂದಿನಿಂದ ತೊಳೀಬೇಕು, ಯಾವತ್ತೂ ಹಿಂದಿನಿಂದ, ಬಾಯಲ್ಲಿ ಸರಳು ತುರುಕ್ಬಾರ್ದು, ಗುಂಡು ಕೊನೇ ಸಲ ಮುಟ್ಟೋದು ಆ ಅಂಚನ್ನ, ಅಲ್ಲಿ ಒಂದು ಚೂರು ಕೆಟ್ರೆ ಗುಂಡು ದಾರಿ ತಪ್ಪತ್ತೆ — ಅಪ್ಪ ಹೇಳಿಕೊಟ್ಟಿದ್ದು, ಇಬ್ಬರನ್ನೂ ಎದುರು ಕೂರಿಸಿಕೊಂಡು, ತಮ್ಮ ಆಗಲೂ ಕಿಟಕಿಯಾಚೆ ನೋಡುತ್ತಿದ್ದ, ಇವನೊಬ್ಬನೇ ಕೇಳಿಸಿಕೊಂಡ, ಕೇಳಿಸಿಕೊಂಡವನೇ ಮಾಡಿದ, ಇದಲ್ಲವೇ ತಮಾಷೆ. ದೊಡ್ಡ ಪಂದ್ಯಕ್ಕೆ ಕ್ಲಬ್ಬಿನ ತಂಡದ ಆಯ್ಕೆಯ ಹಿಂದಿನ ಸಂಜೆ ತಮ್ಮ ಬಂದೂಕನ್ನು ಮೇಜಿನ ಮೇಲಿಟ್ಟು, ಅಣ್ಣ ಸ್ವಲ್ಪ ಕ್ಲೀನ್ ಮಾಡಿಟ್ಟಿರು, ಅವಳು ಕಾಯ್ತಿದಾಳೆ, ಎಂದು ಮದುವೆ ಗೊತ್ತಾಗಿದ್ದ ಹುಡುಗಿಯನ್ನು ನೋಡಲು ತಲೆ ಬಾಚಿಕೊಂಡು ಹೊರಟ, ಯಾವಾಗಲೂ ಹಾಗೆಯೇ, ಗುರಿ ಹೊಡೆಯುವುದು ಅವನು, ಮಸಿ ಒರೆಸುವುದು ಇವನು, ಕ್ಲಬ್ಬಿನಲ್ಲಿ ಅವನಿಗೆ ಸೂಜಿ ಎಂದು ಹೆಸರು, ಒಂದೇ ತೂತಿನಲ್ಲಿ ಐದು ಗುಂಡು ಪೋಣಿಸುತ್ತಾನೆಂದು, ಸೂಜಿಯ ಅಣ್ಣ ಎಂದು ಇವನಿಗೆ, ಅದೂ ಒಂದು ಹೆಸರು. ಹಿಂದಿನಿಂದ ತೊಳೆಯಲು ಮೊದಲು ತೆಗೆಯಬೇಕಾದ ಬೋಲ್ಟ್ ಬಿಗಿಯಾಗಿತ್ತು, ಎಳೆದರೆ ಬರಲಿಲ್ಲ, ಬಂದಿದ್ದರೆ — ಬರುತ್ತಿತ್ತು, ಎರಡು ತೊಟ್ಟು ಎಣ್ಣೆ ಬಿಟ್ಟು ಐದು ನಿಮಿಷ ಕಾದಿದ್ದರೆ ಬರುತ್ತಿತ್ತು, ಇವನಿಗೆ ಕಾಯುವ ಮನಸ್ಸಿರಲಿಲ್ಲ, ಸಿಟ್ಟಿತ್ತು, ಉಕ್ಕಿನ ಸರಳನ್ನು ಬಾಯಿಂದಲೇ ತುರುಕಿದ, ಎರಡು ಸಲ ಹೋಗಿ ಬಂತು, ಮೂರನೆಯ ಸಲ ಸರಳಿನ ತುದಿ ಜಾರಿತು, ಕಿರ್ ಎಂದು ಹಲ್ಲು ಜುಮ್ಮೆನ್ನಿಸುವ ಸದ್ದು. ಜಾರಿತೋ ಜಾರಿಸಿದನೋ, ಈ ಒಂದು ಪ್ರಶ್ನೆಯನ್ನು ಎಷ್ಟು ವರ್ಷ ಬೇಕಾದರೂ ತಿರುಗಿಸಿ ಮುರುಗಿಸಿ ನೋಡಬಹುದು, ಒಂದೊಂದು ದಿನ ಒಂದೊಂದು ಉತ್ತರ, ಇವತ್ತಿನ ಉತ್ತರ ಜಾರಿತು ಎಂಬುದು, ಇರಲಿ, ಜಾರಿತು, ಜಾರಿದ ಮೇಲೆ ಏನು ಮಾಡಿದೆಯೋ ಮಹಾರಾಯ, ಭೂತಗನ್ನಡಿ ತಂದು ನೋಡಿದೆ, ಗೀರು ಕಂಡಿತು, ಬೆರಳಾಡಿಸಿದೆ, ಸಿಕ್ಕಿತು, ಹಿತ್ತಿಲಲ್ಲಿ ನಿನ್ನದೇ ಸಣ್ಣ ಲೇತ್ ಇತ್ತು, ಅಂಚು ಹೆರೆದು ಸಮ ಮಾಡುವುದು ಹತ್ತು ನಿಮಿಷದ ಕೆಲಸ, ಅದೂ ಬೇಡ, ನನ್ನ ಬಂದೂಕು ತಗೊಂಡು ಹೋಗೋ ಎಂದಿದ್ದರೆ ಸಾಕಿತ್ತು. ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯೊಳಗಿಟ್ಟು, ಕೈ ತೊಳೆದುಕೊಂಡು ಊಟಕ್ಕೆ ಕೂತ, ಹೊಟ್ಟೆ ತುಂಬ ಉಂಡ, ಅದು ನೆನಪಿದೆ.

ಮಾರನೆಯ ದಿನ ಕ್ಲಬ್ಬಿನ ಅಂಗಳದಲ್ಲಿ ಬಿಸಿಲು, ಮಡಚುವ ಕುರ್ಚಿಗಳು, ಮೀಸೆ ಮೇಷ್ಟ್ರು ಕೊರಳಿಗೆ ಸೀಟಿ ಹಾಕಿಕೊಂಡು ಓಡಾಡುತ್ತಿದ್ದರು, ಕ್ಲಬ್ಬಿಗೆ ಗುರಿ ಕಲಿಸುವವರು ಅವರೇ, ಆರಿಸುವವರೂ ಅವರೇ, ಆರಿಸುವುದು ನಾಲ್ವರನ್ನು, ಇವನು ಆ ವರ್ಷವೆಲ್ಲ ಐದನೆಯವನು, ಐದನೆಯವನೆಂದರೆ ಯಾರೂ ಅಲ್ಲ. ತಮ್ಮ ಮೊದಲ ಗುಂಡು ಹಾರಿಸಿ ದುರ್ಬೀನಿನಲ್ಲಿ ನೋಡಿ ತಲೆ ಕೊಡವಿದ, ಎರಡನೆಯದು ಎತ್ತಲೋ, ಮೂರನೆಯದು ಇನ್ನೆತ್ತಲೋ, ಪರೀಕ್ಷೆಯ ಹೊತ್ತಿನಲ್ಲಿ ಪೆನ್ನು ಕೈಕೊಟ್ಟವನ ಮುಖ, ತಿರುಗಿ ಇವನನ್ನು ಹುಡುಕಿದ, ಸಾಲಿನಲ್ಲಿ ಬಂದೂಕು ಹಿಡಿದು ಬೋರಲು ಮಲಗಿದ್ದ ಇವನು ತನ್ನ ಗುರಿಯಿಂದ ಕಣ್ಣು ತೆಗೆಯಲಿಲ್ಲ, ಅವತ್ತು ಚೆನ್ನಾಗಿ ಹೊಡೆದ, ಬದುಕಿನಲ್ಲೇ ಅಷ್ಟು ಚೆನ್ನಾಗಿ ಹೊಡೆದಿರಲಿಲ್ಲ. ಬಂದೂಕಲ್ಲೇ ಏನೋ ಆಗಿದೆ ಮೇಷ್ಟ್ರೇ, ಎಂದ ತಮ್ಮ. ಕುಣೀಲಾರದವಳು ನೆಲ ಡೊಂಕು ಅಂದಳಂತೆ, ಎಂದರು ಮೀಸೆ ಮೇಷ್ಟ್ರು, ಎಲ್ಲರೂ ನಕ್ಕರು, ಇವನೂ ನಕ್ಕ — ನೆಲ ನಿಜವಾಗಿಯೂ ಡೊಂಕಾಗಿತ್ತು, ಗೊತ್ತಿದ್ದವನು ಒಬ್ಬನೇ, ಅವನೂ ನಕ್ಕ. ಕೈ ನಡುಗ್ತಿದೆ ಕಣಯ್ಯ ನಿಂದು, ಈ ವಯಸ್ಸಿಗೇ, ಡಾಕ್ಟರಿಗೆ ತೋರ್ಸು, ಎಂದು ಬೆನ್ನು ತಟ್ಟಿದರು ಮೇಷ್ಟ್ರು, ಅಷ್ಟೇ, ಒಂದು ಮಾತು, ಮರೆತೂ ಬಿಟ್ಟಿರುತ್ತಾರೆ. ಮುಂದಿನ ವಾರ ತಮ್ಮ ಇವನ ಬಂದೂಕು ಕೇಳಿ ಪಡೆದು ಹೊಡೆದು ನೋಡಿದ, ಹೆದರಿಕೆ ಹೊಕ್ಕ ಕೈ, ಅವತ್ತು ನಿಜವಾಗಿಯೂ ನಡುಗಿತು, ಆಯಿತಲ್ಲ, ಸಾಬೀತಾಯಿತಲ್ಲ, ನರದ ಡಾಕ್ಟರು ಏನೂ ಇಲ್ಲ ಎಂದರು, ಏನೂ ಇಲ್ಲ ಎಂದಿದ್ದಕ್ಕೇ ಇನ್ನಷ್ಟು ಹೆದರಿದ, ಡಾಕ್ಟರಿಗೂ ಸಿಗದಂಥದ್ದು ಏನೋ ಇದೆ ಎಂದು. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು, ಪಟ್ಟಿ ಇಡದೆ ಒಂದೇ ಉಸಿರಿನಲ್ಲಿ ಆಳುದ್ದದ ನೇರ ಗೆರೆ ಎಳೆಯುತ್ತಿದ್ದವನು, ಏಣಿ ಹತ್ತಿ ಕುಂಚ ಹಿಡಿದು ನಿಂತು ನಿಂತು ಹಾಗೆಯೇ ಇಳಿದು ಬಂದನಂತೆ ಒಂದು ದಿನ, ಈಗ ಬಣ್ಣದ ಅಂಗಡಿಯಲ್ಲಿ ಡಬ್ಬ ಮಾರುತ್ತಾನೆ, ಬೇರೆಯವರು ಬಳಿಯುವ ಬಣ್ಣ. ಮನೇಲೇ ಇರ್ಲಿ ಕಣೋ, ಹೊರಗಿನವರ ಕೈಗೆ ಯಾಕೆ ಎಂದು ಅವನು ಮಾರಹೊರಟ ಬಂದೂಕನ್ನು ಇವನೇ ಕೊಂಡ, ನೀನಿದ್ದೆ ಅಂತ ಆಯ್ತು ಅಣ್ಣ ಎಂದು ತಮ್ಮ ಕಣ್ಣು ಒರೆಸಿಕೊಂಡ, ಹೊರಗಿನವರ ಕೈಗೆ ಹೋದರೆ ಬಾಯಿ ನೋಡುತ್ತಾರೆಂಬ ಭಯ ಇವನಿಗೆ, ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಂಡ. ನಾಲ್ಕನೆಯವನಾಗಿ ದೊಡ್ಡ ಪಂದ್ಯಕ್ಕೆ ಹೋದದ್ದೂ ಇವನೇ, ಹದಿನೇಳನೆಯ ಸ್ಥಾನ ಬಂತು, ಹದಿನೇಳು, ಒಬ್ಬ ತಮ್ಮನನ್ನು ಕೊಟ್ಟು ಕೊಂಡ ಹದಿನೇಳು, ಆ ತಂಡದ ಫೋಟೋ ಹಜಾರದ ಗೋಡೆಯಲ್ಲಿದೆ, ಅದರ ಕೆಳಗೇ ಕೂತು ಅವನು ಈಗ ಅರ್ಧ ಲೋಟ ಟೀ ಕುಡಿಯುತ್ತಿದ್ದಾನೆ.

ಅಲ್ಲಿಂದಲೇ ಮಾತು ಬರುತ್ತಿದೆ, ಅತ್ತಿಗೆ, ಮಗಳು ಹೊಡೆಯೋದು ನೋಡ್ಬೇಕು ನೀವು, ಕ್ಲಬ್ಬಿನ ಓಬೀರಾಯನ ಕಾಲದ ಬಂದೂಕಲ್ಲೇ ಹಾಗೆ ಹೊಡೀತಾಳೆ, ಲೈಸೆನ್ಸೂ ಬಂತು, ನಂದು ಸಿಕ್ಕಿಬಿಟ್ರೆ, ಅದು ಚಿನ್ನದಂಥ ಬಂದೂಕು, ಹಿಡಿದ ಕೈ ಕೆಟ್ಟದ್ದಾಗಿತ್ತು ಅಷ್ಟೆ — ನಗುತ್ತಾ ಹೇಳುತ್ತಾನೆ, ಇದನ್ನು ಅತ್ತುಕೊಂಡು ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಹೇಗಿದೆಯೋ ಹಾಗೇ ಕೊಟ್ಟರೆ ಮೊದಲ ದಿನವೇ ಆ ಹುಡುಗಿಯ ಗುಂಡು ಚೆಲ್ಲಾಪಿಲ್ಲಿ, ಅವಳು ಅಪ್ಪನಂತಲ್ಲ, ಕೈಯನ್ನು ಬೈದುಕೊಂಡು ಕೂರುವವಳಲ್ಲ, ಬಾಯಿ ತಿರುಗಿಸಿ ನೋಡುತ್ತಾಳೆ, ದೊಡ್ಡಪ್ಪ ಇದೇನಿದು ಎನ್ನುತ್ತಾಳೆ, ಅಪ್ಪನಿಗೆ ತೋರಿಸುತ್ತಾಳೆ, ಅಪ್ಪ ನೋಡುತ್ತಾನೆ, ಆಮೇಲೆ ಇವನನ್ನು ನೋಡುತ್ತಾನೆ. ಸರಿಮಾಡಿ ಕೊಟ್ಟರೆ, ಹತ್ತು ನಿಮಿಷ, ನಿನ್ನೆ ಮಧ್ಯಾಹ್ನ ಹಿತ್ತಿಲಿಗೆ ಒಯ್ದು ಲೇತಿಗೆ ಕಟ್ಟಿಯೂ ಆಗಿತ್ತು, ಸ್ವಿಚ್ ಒತ್ತಿದ, ತಿರುಗಿತು, ಗೀರು ತಿರುಗಿ ತಿರುಗಿ ಒಂದು ಬಿಳಿ ಬಳೆಯಾಯಿತು, ಹೆರೆಯುವ ಅಲಗು ಇನ್ನೇನು ತಾಗಬೇಕು, ಆಗ ಹೊಳೆಯಿತು, ಇದನ್ನು ಅಳಿಸಿಬಿಟ್ಟರೆ ಬಂದೂಕು ನೆಟ್ಟಗೆ ಹೊಡೆಯುತ್ತದೆ, ಹುಡುಗಿ ಹತ್ತಕ್ಕೆ ಹತ್ತು ಹೊಡೆಯುತ್ತಾಳೆ, ಹಿಂದೆ ನಿಂತ ತಮ್ಮ ನೋಡಿದೆಯಾ ಅಣ್ಣ, ಬಂದೂಕಲ್ಲಿ ಏನೂ ಇರ್ಲಿಲ್ಲ, ನಾನೇ ಸುಮ್ನೆ ಅದರ ಮೇಲೆ ಹಾಕಿದ್ದೆ ಎನ್ನುತ್ತಾನೆ, ಇವನು ಹೂಂ ಎನ್ನಬೇಕು, ಅವತ್ತು ಹೇಳದೆ ಉಳಿಸಿಕೊಂಡ ಸುಳ್ಳಿಗೆ ಇವತ್ತು ತನ್ನ ಕೈಯಾರೆ ಪಾಲಿಶ್ ಕೊಟ್ಟು ಅದನ್ನು ನಿಜ ಮಾಡಬೇಕು. ಅವನ ಕೈ ಚೆನ್ನಾಗಿತ್ತು ಎಂಬುದಕ್ಕೆ ಈ ಪ್ರಪಂಚದಲ್ಲಿ ಉಳಿದಿರುವ ಸಾಕ್ಷಿ ಈ ಗೀರೊಂದೇ, ಇನ್ನೊಂದು ಸಾಕ್ಷಿ ತಾನು, ಆ ಸಾಕ್ಷಿ ಬಾಯಿ ಬಿಡುವುದಿಲ್ಲ. ಸ್ವಿಚ್ ಆರಿಸಿ ವಾಪಸು ತಂದಿಟ್ಟ. ಹೇಳಿಬಿಟ್ಟರೆ, ಈಗಲೇ, ಹೋಗಿ ಎದುರು ಕೂತು, ತಮ್ಮಾ ಅವತ್ತು ಹೀಗಾಯ್ತು ಕಣೋ — ಆಮೇಲೆ, ಅವನು ಏನು ಮಾಡಬೇಕು ಆ ಮಾತನ್ನಿಟ್ಟುಕೊಂಡು, ಏಣಿ ಹತ್ತಬೇಕೇ ಮತ್ತೆ, ಇಪ್ಪತ್ತೆರಡು ವರ್ಷದ ಅರ್ಧರ್ಧ ಲೋಟಗಳನ್ನೆಲ್ಲ ಒಟ್ಟಿಗೆ ತುಂಬಿಸಿ ಕುಡಿಯಬೇಕೇ, ಅವನಿಗಾಗಿ ಹೇಳುತ್ತಿಲ್ಲ ಎಂದು ಎಷ್ಟು ಚೆನ್ನಾಗಿ ಅನಿಸುತ್ತದೆ ನೋಡು, ಎಷ್ಟು ಒಳ್ಳೆಯ ಅಣ್ಣ, ಹೇಡಿ ಎಂಬ ಪದ ಇರುವುದು ಬೇರೆಯವರಿಗೆ. ನುಂಗಲಾರದ ಉಗುಳಲಾರದ ಬಿಸಿತುಪ್ಪ, ಬಾಯಿ ಸುಟ್ಟುಕೊಂಡಿರುವುದು ಮಾತ್ರ ಬೇರೊಬ್ಬ. ಬಂದೂಕಿನ ಅಂಗಡಿಯವನು ಫೋನಿನಲ್ಲಿ ಹೇಳಿದ್ದಾನೆ, ಯಾವ ಸ್ಥಿತೀಲಿದ್ರೂ ಕೊಡಿ ಸಾರ್, ನಳಿಗೆ ತುಂಡು ಮಾಡಿ ಬಿಡಿಭಾಗ ಮಾರ್ಕೊತೀನಿ, ಸಾಯಂಕಾಲ ಬರ್ತೀನಿ, ಹೂಂ ಎಂದಾಗಿದೆ, ನಳಿಗೆಯ ಜೊತೆ ಗೀರೂ ತುಂಡಾಗುತ್ತದೆ, ಇನ್ನು ಹಜಾರಕ್ಕೆ ಹೋಗಿ ಒಂದು ವಾಕ್ಯ ಹೇಳಬೇಕು ಅಷ್ಟೆ.

ರೀ, ಎಷ್ಟು ಹೊತ್ತು, ಟೀ ಆರತ್ತೆ, ಎಂದು ಹೆಂಡತಿ ಕರೆಯುತ್ತಾಳೆ, ಕಾಲು ನಡೆಯುತ್ತದೆ, ಕೈಯಲ್ಲಿ ಬಂದೂಕು ಏಕೆ ಬಂತೋ, ಕಪಾಟಿನಲ್ಲಿಟ್ಟು ಬರಬೇಕಿತ್ತು, ತಮ್ಮ ಎದ್ದು ನಿಂತ, ಬಂದೂಕು ನೋಡಿ ಎದ್ದನೋ ಅಣ್ಣನನ್ನು ನೋಡಿ ಎದ್ದನೋ, ಅವನು ಯಾವಾಗಲೂ ಅಣ್ಣ ಬಂದರೆ ಏಳುತ್ತಾನೆ. ಅಂಗಡಿಯವನಿಗೆ ಮಾತು ಕೊಟ್ಬಿಟ್ಟಿದೀನಿ ಕಣೋ, ಎಂದ ಇವನು, ಇದು ಹಳೇದಾಯ್ತು, ಮಗುವಿಗೆ ಸರಿಹೋಗಲ್ಲ, ಹೊಸದು ಕೊಡ್ಸೋಣ, ನಾನೇ ಕೊಡಿಸ್ತೀನಿ. ಹೆಂಡತಿ ಇವನ ಮುಖ ನೋಡಿದಳು. ತಮ್ಮ ತಲೆಯಾಡಿಸಿ, ಓ, ಹೌದಾ, ಪರ್ವಾಗಿಲ್ಲ ಬಿಡು ಅಣ್ಣ, ನೀನು ಯೋಚ್ನೆ ಮಾಡೇ ಮಾಡಿರ್ತೀಯ, ಎಂದ, ಬೈದಿದ್ದರೆ, ಒಂದು ಸಲ ಬೈದಿದ್ದರೆ ಈ ಜನ್ಮದಲ್ಲಿ — ಲೋಟ ಕೆಳಗಿಟ್ಟ, ಪಂಚೆಯ ಅಂಚಿಗೆ ಕೈ ಒರೆಸಿಕೊಂಡ, ಒಂದ್ಸಲ ಹಿಡ್ಕೊಳ್ಲಾ, ಹೋಗೋ ಮುಂಚೆ, ಎಂದ. ಅಪ್ಪನ ಕ್ರಮದಂತೆ ಇವನು ಬೋಲ್ಟ್ ತೆರೆದು ಖಾಲಿ ಎಂದು ತೋರಿಸಿದ, ಬಾಯಿ ಮೇಲೆ ಮಾಡಿ, ಬಾಯಿಗೆ ಹೆಬ್ಬೆರಳು ಒತ್ತಿಕೊಂಡೇ ಕೊಟ್ಟ, ಹೆಬ್ಬೆರಳ ಚರ್ಮಕ್ಕೆ ಗೀರು ಸಿಕ್ಕಿತು, ತಮ್ಮ ತನ್ನತ್ತ ಎಳೆದುಕೊಂಡ, ಹೆಬ್ಬೆರಳು ಬಿಡಬೇಕಾಯಿತು. ಅವನು ಕಿಟಕಿಗೆ ತಿರುಗಿ ಹಿಡಿಯನ್ನು ಭುಜಕ್ಕೆ ಕೊಟ್ಟ, ಕೆನ್ನೆ ಒರಗಿಸಿದ, ಎದುರು ಕಟ್ಟಡದ ಮೇಲಿನ ನೀರಿನ ಟ್ಯಾಂಕಿಗೆ ಗುರಿ, ಇವನು ಕಿಟಕಿಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾನೆ, ಕಣ್ಣ ಮುಂದೆ ಒಂದು ಮೊಳ ದೂರದಲ್ಲಿ ನಳಿಗೆಯ ಬಾಯಿ, ಅಂಚಿನಲ್ಲಿ ಬಿಸಿಲು ಬಿದ್ದು ಬೆಳ್ಳಗೆ ಗೀರು. ನೋಡು ಅಣ್ಣ, ಎಂದ ತಮ್ಮ ಕಣ್ಣು ತೆಗೆಯದೆ, ಇನ್ನೂ ಹೇಗೆ ನಡುಗ್ತಿದೆ ನೋಡು, ನೀನು ಮಾಡಿದ್ದೇ ಸರಿ, ನಮ್ಮನೇಗೆ ಇದು ಬೇಡ — ಇವನು ನೋಡುತ್ತಾನೆ, ಮೂವತ್ತು ವರ್ಷ ಕೂದಲೆಳೆ ಹಿಡಿದ ಕಣ್ಣು ನಡುಕವನ್ನು ಹುಡುಕುತ್ತದೆ, ಸಿಗಲಿ, ಇಷ್ಟೇ ಇಷ್ಟು ಸಿಕ್ಕರೂ ಸಾಕು, ಗೀರು ಕಿಟಕಿಯ ಎರಡನೆಯ ಸರಳಿನ ಅಂಚಿಗೆ ಸರಿಯಾಗಿ ನಿಂತಿದೆ, ಅಂಚು ದಾಟುತ್ತದೇನೋ, ಈಗ ದಾಟುತ್ತದೇನೋ, ನಡುಗ್ತಿದೆ ಅಲ್ವಾ ಅಣ್ಣ, ಸರಳಿನ ಅಂಚಿಗೇ ಇದೆ ಗೀರು, ಅಲ್ಲಿಯೇ ಇದೆ, ಅಲುಗುತ್ತಿಲ್ಲ, ಗೀರು, ಅಲುಗುತ್ತಿಲ್ಲ.