ಒತ್ತಿದ ಗುಂಡಿ ಮೇಲೇಳಲಿಲ್ಲ

ನಾನು ಒಂದು ಮೈಕು. ಮದುವೆ ಮನೆಯಲ್ಲಿ "ಹಲೋ, ಹಲೋ" ಎಂದು ಊದಿಸಿಕೊಳ್ಳುವ ಜಾತಿಯಲ್ಲ. ಅಂಗೈಯಲ್ಲಿ ಹಿಡಿಯುವ ರೇಡಿಯೋ ಮೈಕು. ಕಾರ್ಖಾನೆಯಲ್ಲಿ ಹುಟ್ಟುವಾಗಲೇ ನನಗೆ ಬಾಲದಂತೆ ಸುರುಳಿ ತಂತಿ, ಪಕ್ಕೆಗೊಂದು ಗುಂಡಿ ಕೊಟ್ಟರು. ಗುಂಡಿ ಒತ್ತಿದರೆ ಹಿಡಿದವರ ಮಾತು ಗಾಳಿಗೇರುತ್ತದೆ. ಬಿಟ್ಟರೆ ಬೇರೆಯವರ ಮಾತು ಕೇಳುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ.

ಮೊದಲು ಒಂದು ಲಾರಿ ಆಫೀಸಿನಲ್ಲಿದ್ದೆ. ಅಲ್ಲಿ ಕೇಳಿದ ಬೈಗುಳಗಳನ್ನು ಇಲ್ಲಿ ಹೇಳಲಾರೆ. ಅಲ್ಲಿಂದ ಗುಜರಿಗೆ ಬಿದ್ದೆ. ಗುಜರಿಯಿಂದ ನನ್ನನ್ನು ಎತ್ತಿಕೊಂಡವರು ಗದಗಿನ ಫಕೀರಪ್ಪ ಮಾಸ್ತರು. ವಿಜ್ಞಾನ ಕಲಿಸಿ ನಿವೃತ್ತರಾದವರು. ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ, ಊರೂರಿನವರೊಡನೆ ಗಾಳಿಯಲ್ಲೇ ಹರಟುವ ಅವರ ಹವ್ಯಾಸಿ ರೇಡಿಯೋ ಬಳಗವಿತ್ತು. ಗಿರಣಿಯ ಹಿಟ್ಟು ಹಾರಿ ಬಂದು ನನ್ನ ಗುಂಡಿಯೊಳಗೆ ಕೂರುತ್ತಿತ್ತು. ಗುಂಡಿ ಸಿಕ್ಕಿಕೊಂಡರೆ ಮಾಸ್ತರು ಉಗುರಿನಿಂದ ಮೀಟಿ ಎಬ್ಬಿಸುತ್ತಿದ್ದರು. ಊರ ರೇಡಿಯೋಗಳನ್ನೆಲ್ಲ ಬಿಚ್ಚಿ ಜೋಡಿಸುವ ಪುಣ್ಯಾತ್ಮರಿಗೆ ನನ್ನನ್ನು ಬಿಚ್ಚಿ ಒರೆಸಲು ಪುರಸೊತ್ತಿರಲಿಲ್ಲ!

ಬಳಗದ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಕೊನೆಗೆ ನಿತ್ಯ ಬರುವವರೆಂದರೆ ಮಾಸ್ತರು ಮತ್ತು ಅವರ ಗೆಳೆಯ ಟೋಪಣ್ಣ. ಹೊಸಬರು ಬರದಿದ್ದರೆ ಬಾಗಿಲು ಹಾಕುವುದೇ ಸೈ. ಮಾಸ್ತರು ಬಸ್ ನಿಲ್ದಾಣದಲ್ಲಿ ಫಲಕ ಹಚ್ಚಿದರು: "ಬರ್ರಿ, ಗಾಳ್ಯಾಗ ಮಾತಾಡೂಣು."

ಬಂದವಳು ಒಬ್ಬಳೇ. ಹೊಲಿಗೆ ಅಂಗಡಿಯ ಶಿವಗಂಗಾ. ಅವಳಿಗೆ ಮಾತು ತೊದಲುತ್ತಿತ್ತು.

"ಬಾ... ಬಾಯಿ ಬಿಟ್ಟು ಕೈ... ಕೈಲೆ ಮಾತಾಡಬಹುದಂತಲ್ರಿ?" ಎಂದಳು. ಟಕ್ಕು ಟಕ್ಕು ಎಂದು ಬಡಿಯುವ ಮೋರ್ಸ್ ಭಾಷೆಯ ಸುದ್ದಿ ಯಾರೋ ಹೇಳಿದ್ದರಂತೆ.

"ಹೌದವ್ವಾ, ಹೌದು! ಲೈಸೆನ್ಸ್ ಬರೂಮಟ ಬರೇ ಕೇಳಬೇಕು. ತಗೋರಿ, ಮನ್ಯಾಗ ಹಚ್ಚಿ ನಮ್ಮ ದನಿ ಕೇಳ್ರಿ," ಎಂದು ಮಾಸ್ತರು ಒಂದು ಪುಟ್ಟ ರಿಸೀವರ್ ಕೊಟ್ಟು ಕಳಿಸಿದರು. ಅವಳ ಮುಖ ಎಷ್ಟು ಅರಳಿತ್ತು ಗೊತ್ತೇ?

ಆ ಸಂಜೆ ಮಾಸ್ತರು ನನ್ನನ್ನು ಹಿಡಿದು, ಹೊಸಬರೊಬ್ಬರು ಬಂದರೆಂದು ಸುತ್ತಲ ಊರುಗಳ ಗೆಳೆಯರಿಗೆಲ್ಲ ಸಾರಿದರು. ಮೇಜಿನ ಮೇಲಿಟ್ಟರು. ನನ್ನ ಗುಂಡಿ ಮೇಲೇಳಲಿಲ್ಲ.

ಟೋಪಣ್ಣ ನಕ್ಕ. "ಮಾಸ್ತರ್ರ, ಆಕಿ ಒಂದ ಮಾತು ಮುಗಸೂದ್ರಾಗ ಬ್ಯಾಟ್ರಿ ಖಾಲಿ ಆಕ್ಕೈತಿ!"

ಗದರಿಸಿ ಬಾಯಿ ಮುಚ್ಚಿಸಬಹುದಿತ್ತು. ಅದು ಬಿಟ್ಟು ಮಾಸ್ತರು ತಾವೇ, "ನ... ನ... ನಮಸ್ಕಾರ್ರಿ," ಎಂದು ಅಣಕಿಸಿದರು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಅಷ್ಟೂ ಗಾಳಿಗೇರಿತು. ನಿಲ್ಲಿಸಿರೆಂದು ಯಾರು ಕೂಗಿಕೊಂಡರೂ ಇವರಿಗೆ ಕೇಳುವಂತಿರಲಿಲ್ಲ.

ಹುಬ್ಬಳ್ಳಿಯ ಗೆಳೆಯರೊಬ್ಬರು ಟೋಪಣ್ಣನಿಗೆ ಫೋನ್ ಮಾಡಿದರು. "ನಿಮ್ಮ ಮೈಕ್ ಚಾಲೂ ಐತ್ರೋ! ಎಲ್ಲಾ ಕೇಳಾಕತ್ತೈತಿ!"

ಮಾಸ್ತರ ಮುಖ ಕಪ್ಪಿಟ್ಟಿತು. ನನಗೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಹಂಗಿಸುವ ದನಿ ಅವಳ ಮನೆ ಹೊಕ್ಕಿದ್ದು ನನ್ನ ಗಂಟಲಿನಿಂದಲೇ ಅಲ್ಲವೇ?

ಮರುದಿನ ಶಿವಗಂಗಾ ಬಂದು ರಿಸೀವರನ್ನು ಮೇಜಿನ ಮೇಲಿಟ್ಟಳು. "ತಪ್ಪಾತವ್ವಾ," ಎಂದರು ಮಾಸ್ತರು, ನೆಲ ನೋಡುತ್ತಾ. ಅವಳು ಏನೋ ಹೇಳಲು ಬಾಯಿ ತೆರೆದಳು. ತುಟಿ ಅದುರಿತು, ಮಾತು ಬರಲಿಲ್ಲ. ಮಾಸ್ತರಿಗೆ ಆ ನಾಲ್ಕು ಗಳಿಗೆ ಕಾಯಲಾಗಲಿಲ್ಲ. "ಇರ್ಲಿ ಬಿಡ್ರಿ, ತ್ರಾಸ ಮಾಡ್ಕೋಬ್ಯಾಡ್ರಿ, ತಿಳೀತು," ಎಂದುಬಿಟ್ಟರು. ಏನು ತಿಳಿಯಿತೋ, ಮಣ್ಣು! ಅವಳು ಬಾಯಿ ಮುಚ್ಚಿ ಮೆಟ್ಟಿಲಿಳಿದಳು.

ಬಳಗದ ಬಾಗಿಲು ಮುಚ್ಚಿತು. ರೇಡಿಯೋ ಮಾಸ್ತರ ಮನೆ ಸೇರಿತು. ನಾನು ಗೋಡೆಯ ಮೊಳೆಗೆ. ಆಮೇಲೆ ಅವರು ನನ್ನನ್ನು ಮುಟ್ಟಲಿಲ್ಲ. ಗಾಳಿಯಲ್ಲಿ ಮಾತಾಡಲೂ ಇಲ್ಲ. ಬರೇ ಕೇಳುತ್ತಿದ್ದರು. ನನ್ನ ಮೈ ಬಿರಿಯಿತು, ಅವರ ತಲೆ ಬೆಳ್ಳಗಾಯಿತು.

ಒಂದು ಬೆಳಗ್ಗೆ ಟೋಪಣ್ಣ ಚಹಾಕ್ಕೆ ಬಂದಿದ್ದಾಗ ಸ್ಪೀಕರಿನಲ್ಲಿ ಮೋರ್ಸ್ ಬಡಿಯತೊಡಗಿತು. ಯಾರಾದರೂ ಇದ್ದೀರಾ ಎಂಬ ಕರೆ. ಎಲ್ಲೂ ತಡವರಿಕೆಯಿಲ್ಲ.

ಕರೆಯ ಕೊನೆಗೆ ಬಡಿದ, ಲೈಸೆನ್ಸಿನ ಜೊತೆ ಸಿಗುವ ಗುರುತಿನ ಅಕ್ಷರಗಳನ್ನು ಕೇಳಿ ಟೋಪಣ್ಣ ಚಹಾದ ಬಸಿ ಕೆಳಗಿಟ್ಟ. "ಶಿವಗಂಗಾ ರೀ! ಹುಬ್ಬಳ್ಳ್ಯಾಗ ಕಲತು ಲೈಸೆನ್ಸ್ ತಗೊಂಡಾಳಂತ. ಉತ್ತರ ಕೊಡ್ರಿ."

"ಯಾವ ಮಾರಿ ಹೊತ್ತು ಕೊಡ್ಲೋ?" ಎಂದು ಮಾಸ್ತರು ಮುಖ ತಗ್ಗಿಸಿದರು.

ಕರೆ ಮತ್ತೆ ಬಂತು. ಯಾರೂ ಉತ್ತರಿಸಲಿಲ್ಲ. ಮಾಸ್ತರು ಮೋರ್ಸ್ ಬಡಿಯುವ ಕೀಲಿಯನ್ನು ಎಳೆದುಕೊಂಡು ತಮ್ಮ ಗುರುತನ್ನು ಬಡಿದರು. ಅವಳ ಬಡಿತ ನಿಂತಿತು. ಅವಳು ರೇಡಿಯೋ ಆರಿಸಿದಳೆಂದೇ ನಾನಂದುಕೊಂಡೆ.

ಆಮೇಲೆ ಒಂದೇ ಒಂದು ಅಕ್ಷರ ಬಂತು. ಹವ್ಯಾಸಿಗಳಲ್ಲಿ ಅದಕ್ಕೆ ಅರ್ಥ, "ಹೇಳಿ."

ಮಾಸ್ತರು ತಮ್ಮ ತಪ್ಪೊಪ್ಪಿಗೆಯನ್ನು ಬಡಿಯತೊಡಗಿದರು. ಒಂದಕ್ಷರ ತಪ್ಪಿತು, ಮತ್ತೆ ಬಡಿದರು, ಮತ್ತೆ ತಪ್ಪಿತು. ನಡುವೆ ಅವಳು ಒಂದು ಸಲವೂ ಬಾಯಿ ಹಾಕಲಿಲ್ಲ. ಅವರು ಹೇಳಿ ಮುಗಿಸುವವರೆಗೂ ಕಾದಳು.